ಶಾಸನ ‘ಸಿಗಲಿಲ್ಲ’ ಎನ್ನುವ ಮುನ್ನ: ಇತಿಹಾಸ ವಿಭಾಗದ ಗ್ರಂಥಪಾಲಕರಿಗೆ ಹಂತ ಹಂತದ ಮಾರ್ಗದರ್ಶಿ

ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಇತಿಹಾಸ ವಿಷಯದ ಹೊಣೆ ಹೊತ್ತವರ ಮೇಜಿಗೆ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ: ‘ಸರ್, ನಮ್ಮೂರಿನ ದೇವಸ್ಥಾನದ ಮುಂದೆ ಒಂದು ಕಲ್ಲಿದೆ, ಅದರ ಶಾಸನ ಯಾವ ಪುಸ್ತಕದಲ್ಲಿ ಅಚ್ಚಾಗಿದೆ?’ ಹಾಸನ, ಚಿಕ್ಕಮಗಳೂರು ಸೀಮೆಯಿಂದ ಬರುವ ಸಂಶೋಧನಾರ್ಥಿಗಳಲ್ಲಿ ಇದು ಇನ್ನೂ ಹೆಚ್ಚು. ಹೊಸದಾಗಿ ಕೆಲಸಕ್ಕೆ ಸೇರಿದ ಗ್ರಂಥಪಾಲಕರು ಇಲ್ಲಿ ಒಂದೇ ರೀತಿ ಎಡವುವುದನ್ನು ಕಂಡಿದ್ದೇನೆ. ಪ್ರಶ್ನೆ ಕಿವಿಗೆ ಬೀಳುತ್ತಿದ್ದಂತೆ ಊರಿನ ಹೆಸರನ್ನು ಕಂಪ್ಯೂಟರಿನಲ್ಲಿ ಹಾಕುತ್ತಾರೆ, ಏನೂ ಬರುವುದಿಲ್ಲ, ‘ನಮ್ಮಲ್ಲಿ ಇಲ್ಲ’ ಎಂದು ಕಳುಹಿಸಿಬಿಡುತ್ತಾರೆ. ಎಷ್ಟೋ ಸಲ ಆ ಶಾಸನ ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇರುತ್ತದೆ. ಊರನ್ನೂ ಕಾಲವನ್ನೂ ಮೊದಲು ಗೊತ್ತುಮಾಡಿಕೊಂಡು, ಹುಡುಕಾಟವನ್ನು ಆಮೇಲೆ ಇಟ್ಟುಕೊಂಡರೆ ಈ ತಪ್ಪು ಬಹುಮಟ್ಟಿಗೆ ತಪ್ಪುತ್ತದೆ. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಬರೆದಿದ್ದೇನೆ, ಕ್ರಮ ಬದಲಿಸಬೇಡಿ.

ಮೊದಲು ಕೈಗೆಟಕುವಂತೆ ಇಟ್ಟುಕೊಳ್ಳಬೇಕಾದವು

ಶಾಸನಗಳನ್ನು ಜಿಲ್ಲೆ, ತಾಲ್ಲೂಕುವಾರು ಅಚ್ಚು ಹಾಕಿದ ಸಂಪುಟಗಳ ಸರಣಿಯಾದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಮತ್ತು ಹೊಸ ಎರಡೂ ಆವೃತ್ತಿಗಳು ಬೇಕು. ಅಚ್ಚಿನ ಪ್ರತಿ ಇಲ್ಲದಿದ್ದರೆ ಸ್ಕ್ಯಾನ್ ಪ್ರತಿಯಾದರೂ ಇರಲಿ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ಬೇಕು. ಗೆಜೆಟಿಯರುಗಳಲ್ಲಿ (ನಾಡಿನ, ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಗ್ರಂಥಗಳು) ಬಿ. ಎಲ್. ರೈಸ್ 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರ್, ಸಿ. ಹಯವದನರಾಯರು ಸಂಪಾದಿಸಿದ ಅನಂತರದ ಮೈಸೂರು ಗೆಜೆಟಿಯರ್, ಸ್ವಾತಂತ್ರ್ಯಾನಂತರದ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲಾ ಗೆಜೆಟಿಯರುಗಳು ಒಂದೇ ಅಟ್ಟದಲ್ಲಿ ಇರುವುದು ಒಳ್ಳೆಯದು. ತಿಥಿ, ವಾರ, ಸಂವತ್ಸರ ಹೊಂದಿಸಿ ನೋಡಲು ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳು ಬೇಕಾಗುತ್ತವೆ. ಇವುಗಳ ಜೊತೆಗೆ ಒಂದು ಭೂತಗನ್ನಡಿ, ತಾಲ್ಲೂಕು ನಕ್ಷೆ, ಬಂದ ಪ್ರತಿಯೊಂದು ಪ್ರಶ್ನೆಯನ್ನೂ ಬರೆದಿಡುವ ದಪ್ಪ ರಟ್ಟಿನ ನೋಟ್‌ಬುಕ್ ಇರಲಿ. ಕೊನೆಯದನ್ನು ಬಹಳ ಮಂದಿ ಇಟ್ಟುಕೊಳ್ಳುವುದಿಲ್ಲ, ವರ್ಷ ಕಳೆದ ಮೇಲೆ ಅದೇ ಪ್ರಶ್ನೆಗೆ ಅದೇ ಎರಡು ದಿನ ಮತ್ತೆ ವ್ಯಯಿಸುತ್ತಾರೆ.

ಹಂತ 1: ಪ್ರಶ್ನೆಯನ್ನು ಬಿಡಿಸಿಕೊಳ್ಳಿ

ಕೇಳುವವರು ತಮಗೆ ಬೇಕಾದುದನ್ನು ಮೊದಲ ಮಾತಿನಲ್ಲಿ ಹೇಳುವುದು ಅಪರೂಪ. ‘ಹೊಯ್ಸಳರ ಬಗ್ಗೆ ಪುಸ್ತಕ ಬೇಕು ಸರ್’ ಎಂದು ಬಂದವರನ್ನು ಕೂರಿಸಿ ಮಾತನಾಡಿಸಿದರೆ, ಅವರಿಗೆ ಬೇಕಾಗಿರುವುದು ಅರಸೀಕೆರೆ ಕಡೆಯ ಒಂದು ಹಳ್ಳಿಯ ಕೆರೆಯನ್ನು ಯಾರು ಕಟ್ಟಿಸಿದರು ಎಂಬ ಸಂಗತಿ ಮಾತ್ರ ಎಂದು ತಿಳಿಯುತ್ತದೆ. ಆ ಪ್ರಶ್ನೆಗೆ ಹೊಯ್ಸಳರ ಮೇಲಿನ ಹತ್ತು ಗ್ರಂಥಗಳಿಗಿಂತ ಒಂದು ಶಾಸನದ ನಾಲ್ಕು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದುದರಿಂದ ಕೀಲಿಮಣೆ ಮುಟ್ಟುವ ಮುನ್ನ ನಾಲ್ಕು ಸಂಗತಿ ಕೇಳಿ ಬರೆದುಕೊಳ್ಳಿ: ಒಂದು, ಯಾವ ಊರು, ಯಾವ ಹೋಬಳಿ; ಎರಡು, ಕಲ್ಲು ಎಲ್ಲಿ ನಿಂತಿದೆ; ಮೂರು, ಅದರ ಮೇಲೆ ಚಿತ್ರಪಟ್ಟಿಕೆ ಇದೆಯೇ, ಬರೀ ಬರಹವೇ; ನಾಲ್ಕು, ಈ ಮಾಹಿತಿ ಅವರಿಗೆ ಮೊದಲು ಎಲ್ಲಿಂದ ಸಿಕ್ಕಿತು. ಮೂರನೆಯದು ಮುಖ್ಯ. ಮೂರು ಪಟ್ಟಿಕೆಗಳಲ್ಲಿ ಹೋರಾಟ, ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ ಇದ್ದರೆ ಅದು ವೀರಗಲ್ಲು. ಮೇಲಕ್ಕೆತ್ತಿದ ಬಳೆ ತೊಟ್ಟ ಕೈ ಇದ್ದರೆ ಅದು ಸತಿ ಹೋದವಳ ನೆನಪಿನ ಮಾಸ್ತಿಕಲ್ಲು. ದಾನಶಾಸನವೆಂದು ತಿಳಿದು ವೀರಗಲ್ಲನ್ನು ಹುಡುಕುತ್ತಾ ಕುಳಿತರೆ ದಿನ ಹೋಗುತ್ತದೆ. ನಾಲ್ಕನೆಯದಕ್ಕೆ ಉತ್ತರ ‘ಯಾವುದೋ ಪ್ರಬಂಧದಲ್ಲಿ ಓದಿದೆ’ ಎಂದು ಬಂದರೆ ಆ ಪ್ರಬಂಧದ ಅಡಿಟಿಪ್ಪಣಿಯ ಫೋಟೋವನ್ನಾದರೂ ತರಿಸಿಕೊಳ್ಳಿ.

ಎಚ್ಚರಿಕೆಯ ಚಿಹ್ನೆ: ‘ನಮ್ಮ ತಾಲ್ಲೂಕಿನ ಎಲ್ಲಾ ಶಾಸನ ಬೇಕು’ ಎಂದರೆ ಪ್ರಶ್ನೆ ಇನ್ನೂ ಹುಟ್ಟಿಲ್ಲ ಎಂದು ಅರ್ಥ. ಸಂಪುಟವನ್ನು ಕೈಗೆ ಕೊಟ್ಟು, ಒಂದು ವಾರ ಪುಟ ತಿರುಗಿಸಿ ಬರಲು ಹೇಳುವುದೇ ಅವರಿಗೆ ಮಾಡುವ ಉಪಕಾರ.

ಹಂತ 2: ಊರನ್ನು ಮೂರು ಕಾಲದಲ್ಲಿ ಗುರುತಿಸಿ

ಅತಿ ಹೆಚ್ಚು ಸೋಲು ಕಾಣುವುದು ಈ ಹಂತದಲ್ಲಿ. ಒಂದು ಊರಿಗೆ ಇಂದಿನ ಆಡಳಿತದ ಹೆಸರೊಂದು, ಸಂಪುಟ ಅಚ್ಚಾದ ಕಾಲದ ಹೆಸರೊಂದು, ಕಲ್ಲಿನ ಮೇಲೆ ಕೆತ್ತಿದ ಹೆಸರೊಂದು ಇರುತ್ತವೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳದೆ ಮುಂದೆ ಹೋಗಬೇಡಿ.

ಹಳೆಯ ಸಂಪುಟಗಳಲ್ಲಿ ‘ಚಿಕ್ಕಮಗಳೂರು ಜಿಲ್ಲೆ’ ಎಂಬ ಶೀರ್ಷಿಕೆಯನ್ನು ಹುಡುಕಿದರೆ ಸಿಗುವುದಿಲ್ಲ. ಆಗ ಅದು ಕಡೂರು ಜಿಲ್ಲೆ. ಸಕಲೇಶಪುರದ ಶಾಸನಗಳು ಮಂಜರಾಬಾದ್ ತಾಲ್ಲೂಕಿನ ಅಡಿಯಲ್ಲಿ ಬರುತ್ತವೆ. ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಇನ್ನು ತೀರಾ ಈಚೆಗೆ ತರೀಕೆರೆಯಿಂದ ಬೇರ್ಪಟ್ಟ ಅಜ್ಜಂಪುರ, ಮೂಡಿಗೆರೆಯಿಂದ ಬೇರ್ಪಟ್ಟ ಕಳಸ ತಾಲ್ಲೂಕುಗಳ ಊರುಗಳನ್ನು ಮೂಲ ತಾಲ್ಲೂಕಿನ ಅಡಿಯಲ್ಲೇ ನೋಡಬೇಕು. ಶ್ರವಣಬೆಳಗೊಳ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ್ದರೂ ಅದರ ಶಾಸನಗಳಿಗೆ ಪ್ರತ್ಯೇಕ ಸಂಪುಟವೇ ಇದೆ, ಅದು 2ನೆಯದು. ಹಾಸನ ಜಿಲ್ಲೆಯ 5ನೆಯ ಸಂಪುಟದ ಚನ್ನರಾಯಪಟ್ಟಣ ಭಾಗವನ್ನು ತಿರುವಿಹಾಕಿ ಬರಿಗೈಯಲ್ಲಿ ಹೋದವರನ್ನು ನಾನೇ ಕರೆದು ನಿಲ್ಲಿಸಿದ್ದುಂಟು.

ಕಲ್ಲಿನ ಮೇಲಿನ ಹೆಸರುಗಳ ವಿಷಯಕ್ಕೆ ಬಂದರೆ, ಹಳೇಬೀಡು ಶಾಸನಗಳಲ್ಲಿ ದೋರಸಮುದ್ರ ಅಥವಾ ದ್ವಾರಸಮುದ್ರ. ಹೊಯ್ಸಳರ ಮೂಲಸ್ಥಾನವೆಂದು ಗುರುತಿಸಲಾದ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅರಸಿಯಕೆರೆ ಎಂದು ಓದಿದಾಗ ಅರಸೀಕೆರೆ ಹೊಳೆಯುವುದು ಸುಲಭ, ಆದರೆ ಸಣ್ಣ ಹಳ್ಳಿಗಳ ಹೆಸರು ಇಷ್ಟು ನಿಷ್ಠೆಯಿಂದ ಉಳಿದಿರುವುದಿಲ್ಲ. ಹೊಸಹಳ್ಳಿ, ಹಿರೇಹಳ್ಳಿಗಳಂಥ ಹೆಸರು ಪ್ರತಿ ಹೋಬಳಿಯಲ್ಲೂ ಸಿಗುವುದರಿಂದ, ಪಕ್ಕದ ಎರಡು ಊರುಗಳ ಹೆಸರನ್ನೂ ಕೇಳಿಟ್ಟುಕೊಂಡು ನಕ್ಷೆಯಲ್ಲಿ ಬೆರಳಿಟ್ಟು ಖಚಿತಪಡಿಸಿಕೊಳ್ಳಿ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ ನೆರೆಯ ಊರುಗಳ ಹೆಸರು ಬರುವುದರಿಂದ ಈ ಪಟ್ಟಿ ಮುಂದಿನ ಹಂತದಲ್ಲೂ ಕೆಲಸಕ್ಕೆ ಬರುತ್ತದೆ.

ಹಂತ 3: ಕಾಲವನ್ನು ಗೊತ್ತುಮಾಡಿ, ಪರೀಕ್ಷಿಸಿ

ಶಕವರ್ಷ ಸಿಕ್ಕಿದ್ದರೆ ಅದಕ್ಕೆ 78 ಕೂಡಿಸಿ. ತಿಂಗಳು ಮಾಘ ಅಥವಾ ಫಾಲ್ಗುಣವಾಗಿದ್ದರೆ 79. ಪುಷ್ಯ ಗಡಿಯಲ್ಲಿ ಬೀಳುವುದರಿಂದ ಊಹೆ ಮಾಡದೆ ಕೋಷ್ಟಕ ನೋಡಿ. ಇದು ಗತ ಶಕವರ್ಷದ ಲೆಕ್ಕ. ಕೆಲವು ಶಾಸನಗಳು ನಡೆಯುತ್ತಿರುವ ವರ್ಷವನ್ನು ಹೇಳುತ್ತವೆಯಾದ್ದರಿಂದ ಒಂದು ವರ್ಷದ ವ್ಯತ್ಯಾಸ ಬಂದೀತು. ಅದನ್ನು ಹಿಡಿಯುವ ಉಪಾಯ 60 ವರ್ಷಕ್ಕೊಮ್ಮೆ ಮರಳಿ ಬರುವ ಸಂವತ್ಸರದ ಹೆಸರು.

ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ಕಾಲವನ್ನೇ ತೆಗೆದುಕೊಳ್ಳಿ: ಶಕ 1039, ಹೇವಿಳಂಬಿ. 78 ಕೂಡಿಸಿದರೆ 1117. ನಮ್ಮ ನೆನಪಿನಲ್ಲೇ ಇರುವ ಹೇವಿಳಂಬಿ ಯುಗಾದಿ 2017ರದು. 2017ರಿಂದ 1117 ಕಳೆದರೆ 900, ಅದು 60ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಲೆಕ್ಕ ಸರಿ. ಶೇಷ ಉಳಿದರೆ ಓದಿನಲ್ಲೋ, ನಿಮ್ಮ ಕೂಡಿಕೆಯಲ್ಲೋ, ಕೆತ್ತಿದವನ ಲೆಕ್ಕದಲ್ಲೋ ತಪ್ಪಿದೆ. ಮನೆಯ ಗೋಡೆಯ ಪಂಚಾಂಗದಿಂದಲೇ ಮಾಡಬಹುದಾದ ಈ ಪರೀಕ್ಷೆಯನ್ನು ಪಿಎಚ್.ಡಿ. ಪ್ರಬಂಧಗಳಲ್ಲೂ ಮಾಡದೆ ಬಿಡುತ್ತಾರೆ.

ಶಕವರ್ಷ ಅಳಿಸಿಹೋಗಿ ಸಂವತ್ಸರ ಮಾತ್ರ ಉಳಿದಿದ್ದರೆ 60 ವರ್ಷಗಳಿಗೊಂದರಂತೆ ಹಲವು ಸಾಧ್ಯತೆಗಳು ಬರುತ್ತವೆ; ರಾಜನ ಹೆಸರಿನಿಂದ ಅವುಗಳನ್ನು ಸೋಸಬೇಕು. ಇಲ್ಲೂ ಒಂದು ಬಲೆ ಇದೆ. ಹೊಯ್ಸಳ ಅರಸರಲ್ಲಿ ಬಲ್ಲಾಳರು ಮೂವರು, ನರಸಿಂಹರು ಮೂವರು. 1173ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಬಲ್ಲಾಳನಿಗೂ 1343ರವರೆಗೆ ಆಳಿದ ಮುಮ್ಮಡಿ ಬಲ್ಲಾಳನಿಗೂ ಪಟ್ಟಕ್ಕೆ ಬಂದ ಕಾಲದಲ್ಲಿ ಒಂದು ಶತಮಾನಕ್ಕೂ ಮಿಕ್ಕ ಅಂತರವಿದೆ, ಶಾಸನ ಮಾತ್ರ ಇಬ್ಬರನ್ನೂ ‘ವೀರಬಲ್ಲಾಳದೇವ’ ಎಂದೇ ಕರೆಯಬಹುದು. ಅಂಥ ಕಡೆ ದಂಡನಾಯಕರ ಮತ್ತು ಅಧಿಕಾರಿಗಳ ಹೆಸರು ನೋಡಿ.

ಎಚ್ಚರಿಕೆಯ ಚಿಹ್ನೆ: ಹಳೆಯ ಸಂಪುಟದಲ್ಲಿ ಇಸವಿಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಸಂಪಾದಕರ ಅಂದಾಜು. ವಿದ್ಯಾರ್ಥಿಯ ಟಿಪ್ಪಣಿಗೆ ಇಳಿಯುವಾಗ ಚಿಹ್ನೆ ಉದುರಿ ಇಸವಿ ಮಾತ್ರ ಉಳಿಯುತ್ತದೆ. ನೀವು ಕೊಡುವ ಚೀಟಿಯಲ್ಲಿ ಆ ಚಿಹ್ನೆಯನ್ನು ಉಳಿಸಿ.

ಹಂತ 4: ಮೂರು ಪದರಗಳಲ್ಲಿ ಹುಡುಕಿ

ಮೊದಲನೆಯ ಪದರ ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳು. ಕಡೂರು ಜಿಲ್ಲೆಯದು 6ನೆಯ ಸಂಪುಟ, 1901ರದು. ಹಾಸನ ಜಿಲ್ಲೆಯದು 5ನೆಯದು, 1902ರದು. ಸಂಖ್ಯೆಯಲ್ಲಿ ಮುಂದಿನದು ಮೊದಲೇ ಅಚ್ಚಾಗಿದ್ದನ್ನು ಕಂಡು ಮುದ್ರಣದೋಷವೆಂದು ತಿದ್ದಲು ಹೋಗಬೇಡಿ. ಈ ಸಂಪುಟಗಳಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿವೆ. ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆಯೇ ಮೂರನ್ನೂ ಜೋಡಿಸುವ ದಾರ. ಬಹುಪಾಲು ವಿದ್ಯಾರ್ಥಿಗಳು ಅನುವಾದದ ಪುಟವನ್ನಷ್ಟೇ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಅನುವಾದದಲ್ಲಿ ರಾಜನನ್ನು ಹೊಗಳುವ ಪ್ರಶಸ್ತಿಭಾಗಗಳು ಸಂಕ್ಷಿಪ್ತಗೊಂಡಿರುವುದುಂಟು, ಪಾರಿಭಾಷಿಕ ಪದಗಳು ಸಾಮಾನ್ಯ ಪದಗಳಾಗಿ ಕರಗಿರುವುದುಂಟು. ಕೆರೆಯ ನಿರ್ವಹಣೆಯನ್ನು ಅಭ್ಯಾಸ ಮಾಡುವವರಿಗೆ ಬೇಕಾದ, ಕೆರೆಗಾಗಿ ಕೊಟ್ಟ ದಾನಗಳನ್ನು ಹೇಳುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಪದಗಳು ಅನುವಾದದಲ್ಲಿ ಕಾಣದೆ ಹೋದರೆ ಅವರ ಇಡೀ ಅಧ್ಯಾಯವೇ ತಪ್ಪಿಹೋಗುತ್ತದೆ. ನಾಣ್ಯ, ಅಳತೆಗಳ ಹೆಸರುಗಳಾದ ಗದ್ಯಾಣ, ಖಂಡುಗ, ಕೊಳಗ, ಸಲಗೆಗಳ ಮಾತೂ ಹೀಗೆಯೇ. ಕನ್ನಡ ಪಾಠವನ್ನು ಮೊದಲು ತೋರಿಸಿ, ಅನುವಾದವನ್ನು ಪಕ್ಕದಲ್ಲಿಡಿ.

ಎರಡನೆಯ ಪದರ ಅನಂತರ ಸಿಕ್ಕಿದವು. ಇವಕ್ಕೆ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ, ಹಾಸನ ಜಿಲ್ಲೆಯ ಮಟ್ಟಿಗೆ ಹಳೆಯ ಸರಣಿಯ 15ನೆಯದಾದ ಪುರವಣಿ ಸಂಪುಟವನ್ನೂ ನೋಡಬೇಕು. ಈ ಪದರ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇಲೂರು ತಾಲ್ಲೂಕಿನ ಹಲ್ಮಿಡಿಯೇ ಸಾಕ್ಷಿ. ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ ಆ ಶಾಸನ ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಎಂ. ಎಚ್. ಕೃಷ್ಣ ಅವರ ಕಾಲದಲ್ಲಿ, 1936ರಲ್ಲಿ ಬೆಳಕಿಗೆ ಬಂದದ್ದು. 1902ರ ಸಂಪುಟದಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಆದರೂ ‘ಬೇಲೂರು ತಾಲ್ಲೂಕು ಪೂರ್ತಿ ನೋಡಿದೆ, ಹಲ್ಮಿಡಿ ಇಲ್ಲ’ ಎಂದು ಬಂದವರಿದ್ದಾರೆ. ಅಷ್ಟು ಹೆಸರಾದ ಶಾಸನದ ಗತಿಯೇ ಹೀಗಾದರೆ ಹೊಲದ ಬದುವಿನ ವೀರಗಲ್ಲಿನ ಪಾಡು ಹೇಳಬೇಕಾಗಿಲ್ಲ.

ಮೂರನೆಯ ಪದರ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತರಲು ತೊಡಗಿದ ಪರಿಷ್ಕೃತ ಆವೃತ್ತಿ. ಪಾಠಗಳನ್ನು ಮತ್ತೆ ನೋಡಿ ತಿದ್ದಿರುವುದರಿಂದ ಉಲ್ಲೇಖಕ್ಕೆ ಇದೇ ಮೊದಲ ಆಯ್ಕೆ. ಆದರೆ ಸಂಪುಟಗಳ ಹಂಚಿಕೆಯೂ ಶಾಸನಗಳ ಸಂಖ್ಯೆಯೂ ಬದಲಾಗಿವೆ. ಹಳೆಯ 5ನೆಯ ಸಂಪುಟ ಹಾಸನ ಜಿಲ್ಲೆ, ಹೊಸ 5ನೆಯದು ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಹಳೆಯ 9ನೆಯದು ಬೆಂಗಳೂರು ಜಿಲ್ಲೆ, ಹೊಸ 9ನೆಯದು ಬೇಲೂರು ತಾಲ್ಲೂಕು. ಶ್ರವಣಬೆಳಗೊಳದ ಸಂಪುಟವೊಂದೇ ಮೂರು ಬಾರಿ, ಪ್ರತಿಸಲವೂ ಬೇರೆಯಾಗಿ ಅಚ್ಚಾಯಿತು: 1889ರಲ್ಲಿ 144 ಶಾಸನಗಳು, ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500, 1973ರದರಲ್ಲಿ 573. ‘ಶ್ರವಣಬೆಳಗೊಳ 59’ ಎಂದಷ್ಟೇ ಬರೆದರೆ ಅದು ಯಾವ ಕಲ್ಲು ಎಂದು ಯಾರೂ ಹೇಳಲಾರರು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಬ್ಬ ಸಂಶೋಧನಾರ್ಥಿನಿಗೆ ಹಳೆಯ ಆವೃತ್ತಿಯ ಕ್ರಮಸಂಖ್ಯೆಗಳನ್ನು ಬರೆದುಕೊಟ್ಟು, ಆವೃತ್ತಿ ಯಾವುದೆಂದು ನಮೂದಿಸಲು ಮರೆತೆ. ಅವರು ಪ್ರಬಂಧದಲ್ಲಿ ಆ ಸಂಖ್ಯೆಗಳ ಮುಂದೆ ಹೊಸ ಆವೃತ್ತಿಯ ಇಸವಿ ಹಾಕಿದರು. ಪರೀಕ್ಷಕರು ಮೂರು ಉಲ್ಲೇಖ ತೆಗೆದು ನೋಡಿದಾಗ ಮೂರೂ ಬೇರೆ ಊರಿನ ಶಾಸನಗಳಾಗಿದ್ದವು, ಪ್ರಬಂಧ ತಿದ್ದುಪಡಿಗೆ ವಾಪಸು ಬಂತು. ಅಂದಿನಿಂದ ನಾನು ಕೊಡುವ ಪ್ರತಿ ಚೀಟಿಯಲ್ಲೂ ಸಂಪುಟ, ಆವೃತ್ತಿಯ ಇಸವಿ, ತಾಲ್ಲೂಕು, ಸಂಖ್ಯೆ, ಪುಟ ಎಂಬ ಐದೂ ಅಂಶಗಳು ಇರುತ್ತವೆ. ಒಂದು ಬಿಟ್ಟರೂ ಚೀಟಿ ಮೇಜು ದಾಟುವುದಿಲ್ಲ.

ಹಂತ 5: ಈಗ ಕ್ಯಾಟಲಾಗಿಗೆ ಬನ್ನಿ

ಶಾಸನ ಸಿಕ್ಕಿದ ಮೇಲೆ ಅದರ ಮೇಲಿನ ಗ್ರಂಥಗಳು, ಲೇಖನಗಳು ಬೇಕಾಗುತ್ತವೆ. ಕೋಹಾ ಇರಲಿ, ಇ-ಗ್ರಂಥಾಲಯ ಇರಲಿ, ತಂತ್ರಾಂಶ ಹುಡುಕುವುದು ಯಾರೋ ಟೈಪ್ ಮಾಡಿದ ಅಕ್ಷರಗಳನ್ನು ಮಾತ್ರ. ಹಳೆಯ ನಮೂದುಗಳಲ್ಲಿ ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ರೀತಿ: ‘ಶಾಸನ’ದ ಶಕಾರವನ್ನು ಒಬ್ಬರು ಎರಡು ಅಕ್ಷರದಲ್ಲಿ ಬರೆದರೆ ಇನ್ನೊಬ್ಬರು ಒಂದರಲ್ಲಿ ಮುಗಿಸಿರುತ್ತಾರೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಹಾಕಿದ ನಮೂದುಗಳಂತೂ ಯೂನಿಕೋಡಿನಲ್ಲಿ ಹುಡುಕಿದಾಗ ಕಾಣುವುದೇ ಇಲ್ಲ. ಆದ್ದರಿಂದ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನ ಎರಡು ಮೂರು ಕಾಗುಣಿತದಲ್ಲಿ ಒಮ್ಮೆ, ಲೇಖಕರ ಹೆಸರಿನಿಂದ ಒಮ್ಮೆ ಹುಡುಕಿ. ಸಿಕ್ಕಿದ ದೋಷಪೂರಿತ ನಮೂದನ್ನು ಅಂದೇ ತಿದ್ದಿಸಿ.

ಕಪಾಟಿನ ಸುತ್ತಾಟವನ್ನೂ ತಪ್ಪಿಸಬೇಡಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕರ್ನಾಟಕದ ಇತಿಹಾಸ 954.87ರಲ್ಲಿದ್ದರೂ ಬೇಲೂರಿನ ದೇವಾಲಯದ ಮೇಲಿನ ಗ್ರಂಥ ವಾಸ್ತುಶಿಲ್ಪದ 726ಕ್ಕೆ, ಶ್ರವಣಬೆಳಗೊಳದ ಮೇಲಿನದು ಜೈನಧರ್ಮದ 294.4ಕ್ಕೆ, ಬಾಬಾಬುಡನ್‌ಗಿರಿ ತಪ್ಪಲಿನ ಕಾಫಿ ತೋಟಗಳ ಚರಿತ್ರೆ ಕೃಷಿಯ 633.73ಕ್ಕೆ ಹೋಗಿ ಕುಳಿತಿರುತ್ತದೆ. ಇತಿಹಾಸದ ಅಟ್ಟವನ್ನು ಮಾತ್ರ ತೋರಿಸುವ ಗ್ರಂಥಪಾಲಕರು ಗ್ರಂಥಾಲಯದ ಕಾಲುಭಾಗವನ್ನಷ್ಟೇ ತೋರಿಸಿದಂತಾಗುತ್ತದೆ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ಜಾಲತಾಣ ನೋಡಿ, ಆದರೆ ಅಲ್ಲಿನ ಅಡಿಟಿಪ್ಪಣಿಯನ್ನು ಮೂಲಕ್ಕೆ ಹೋಲಿಸದೆ ದಾಟಿಸಬೇಡಿ. ಮೇಲೆ ಹೇಳಿದ ಸಂಖ್ಯೆಯ ಗೊಂದಲ ಒಂದು ಪ್ರಬಂಧದಿಂದ ಇನ್ನೊಂದಕ್ಕೆ ಹಾಗೆಯೇ ಇಳಿದುಬಂದಿರುತ್ತದೆ.

ಹಂತ 6: ಗ್ರಂಥಾಲಯದ ಹೊರಗೆ ಕಳುಹಿಸುವಾಗ

ಹತ್ತೊಂಬತ್ತನೆಯ ಶತಮಾನದ ಪ್ರಶ್ನೆಗಳಿಗೆ ಶಾಸನ ಸಾಲದು. ಮೈಸೂರು ಸರ್ಕಾರದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ಮೈಸೂರಿನ ಅದರ ವಿಭಾಗೀಯ ಕಚೇರಿಯನ್ನೂ ನೋಡಬೇಕು. ಭೂಮಿ, ಇನಾಂ, ಕಂದಾಯದ ವಿಷಯಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಂ. ಕಾಫಿ ಬೆಳೆಯ ಸಂಶೋಧನೆಯ ವಿಷಯಕ್ಕೆ ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಮಠಗಳ ದಾಖಲೆಗಳ ಬೆಲೆ ಎಷ್ಟೆಂಬುದಕ್ಕೆ ಶೃಂಗೇರಿಯೇ ಉದಾಹರಣೆ: ಮರಾಠಾ ದಾಳಿಯ ಅನಂತರ ಟಿಪ್ಪು ಸುಲ್ತಾನ್ ಶೃಂಗೇರಿಯ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ಮಠದಲ್ಲೇ ಇದ್ದು, ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದದ್ದು 1916ರಲ್ಲಿ.

ಯಾರನ್ನೂ ಬರಿಗೈಯಲ್ಲಿ ಕಳುಹಿಸಬೇಡಿ. ಮಾರ್ಗದರ್ಶಕರ ಸಹಿ ಇರುವ ಪರಿಚಯಪತ್ರ, ನೋಡಬೇಕಾದ ದಾಖಲೆಯ ಅವಧಿ, ಇಲಾಖೆ, ಗೊತ್ತಿದ್ದರೆ ಕಡತದ ಸಂಖ್ಯೆ ಎಲ್ಲವೂ ಒಂದು ಪುಟದಲ್ಲಿರಲಿ. ‘ಹಳೆಯ ದಾಖಲೆ ತೋರಿಸಿ’ ಎಂದು ಹೋದವರಿಗೆ ಸಿಗುವುದು ‘ನಾಳೆ ಬನ್ನಿ’ ಎಂಬ ಮಾತು. ಖಾಸಗಿ ಮನೆಯ ಕಾಗದಪತ್ರವಾದರೆ ಮನೆಯ ಹಿರಿಯರ ಒಪ್ಪಿಗೆ ಪಡೆದು ಅಲ್ಲಿಯೇ ಫೋಟೋ ತೆಗೆಯಲಿ, ಮೂಲವನ್ನು ಗ್ರಂಥಾಲಯಕ್ಕೆ ಹೊತ್ತು ತರುವುದು ಬೇಡ. ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಮಡಿಸಿಟ್ಟ ಬಟ್ಟೆಯ ಕಡತವನ್ನು ಮಡಿಕೆಯ ಜಾಡಿನಲ್ಲೇ ನಿಧಾನವಾಗಿ ಬಿಡಿಸಬೇಕು. ಒದ್ದೆ ಕೈಯಿಂದ ಮುಟ್ಟಿದರೆ ಬರಹ ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇಂಥ ಕೆಲಸ ಇಟ್ಟುಕೊಳ್ಳದಿರುವುದೇ ಲೇಸು.

ಕಲ್ಲನ್ನೇ ನೋಡಲು ಹೊರಟವರಿಗೆ ಇನ್ನೊಂದು ಮಾತು ಹೇಳಿಕಳುಹಿಸಿ. ಎಣ್ಣೆ, ಸೀಮೆಸುಣ್ಣ, ಆಸಿಡ್, ತಂತಿ ಬ್ರಷ್ ಯಾವುದೂ ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು, ಇಲ್ಲದಿದ್ದರೆ ಪಕ್ಕದಿಂದ ಹಿಡಿದ ಟಾರ್ಚು ಸಾಕು, ಅಕ್ಷರ ಎದ್ದು ಕಾಣುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಶಾಸನದ ಅಚ್ಚು ತೆಗೆಯಲು ಇಲಾಖೆಯ ಅನುಮತಿ ಬೇಕು. ಸಂಪುಟದಲ್ಲಿ ‘ಊರ ಮುಂದಿನ ಕಲ್ಲು’ ಎಂದಿದ್ದದ್ದು ಇಂದು ಶಾಲೆಯ ಕಾಂಪೌಂಡಿನೊಳಗೋ ಹೊಸ ಗುಡಿಯ ಮೆಟ್ಟಿಲಾಗಿಯೋ ಇರಬಹುದಾದ್ದರಿಂದ ಊರಿನ ಹಿರಿಯರನ್ನು ಕೇಳದೆ ವಾಪಸು ಬರಬಾರದು.

ಹಂತ 7: ಉತ್ತರವನ್ನು ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ

ಬಾಯಿಮಾತಿನ ಉತ್ತರ ಮೆಟ್ಟಿಲಿಳಿಯುವಷ್ಟರಲ್ಲಿ ಬದಲಾಗಿರುತ್ತದೆ. ಒಂದು ಹಾಳೆಯಲ್ಲಿ ಊರಿನ ಮೂರು ಹೆಸರು, ಲೆಕ್ಕ ಹಾಕಿದ ಕಾಲ, ನೋಡಿದ ಸಂಪುಟಗಳು, ಸಿಕ್ಕಿದ ಉಲ್ಲೇಖ, ನೋಡದೆ ಉಳಿದವು ಎಂಬ ಕ್ರಮದಲ್ಲಿ ಬರೆಯಿರಿ. ಕೊನೆಯ ಸಾಲೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ‘ಶಾಸನ ಇಲ್ಲ’ ಎಂದು ಬರೆಯಬೇಡಿ. ‘1902ರ ಸಂಪುಟದಲ್ಲೂ ಪರಿಷ್ಕೃತ ಆವೃತ್ತಿಯಲ್ಲೂ ಸಿಗಲಿಲ್ಲ, ವಾರ್ಷಿಕ ವರದಿಗಳಲ್ಲಿ ಇಂತಿಂಥ ವರ್ಷದವು ನಮ್ಮಲ್ಲಿಲ್ಲದ್ದರಿಂದ ನೋಡಿಲ್ಲ’ ಎಂದು ಬರೆಯಿರಿ. ಮೂರೂ ಪದರಗಳಲ್ಲಿ ನಿಜವಾಗಿಯೂ ಸಿಗದಿದ್ದರೆ ಅದು ಅಪ್ರಕಟಿತ ಶಾಸನವಿರಬಹುದು. ಆಗ ಫೋಟೋ ಮತ್ತು ಸ್ಥಳವಿವರದೊಡನೆ ವಿಭಾಗದ ಶಾಸನ ಬಲ್ಲ ಅಧ್ಯಾಪಕರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸುವಂತೆ ಹೇಳಿ. ಅವರು ಓದುವ ಮುನ್ನ ಪತ್ರಿಕೆಗೆ ಸುದ್ದಿ ಕೊಡುವ ಉತ್ಸಾಹವನ್ನು ಸ್ವಲ್ಪ ತಡೆಯಿರಿ.

ಆ ಹಾಳೆಯ ಒಂದು ಪ್ರತಿ ನಿಮ್ಮ ನೋಟ್‌ಬುಕ್ಕಿಗೆ ಹೋಗಲಿ. ಪುಸ್ತಕ ಖರೀದಿಯ ಪಟ್ಟಿ ಕೇಳಿ ವಿಭಾಗದಿಂದ ಪತ್ರ ಬಂದಾಗ ಪ್ರಕಾಶಕರ ಕ್ಯಾಟಲಾಗ್ ತೆರೆಯುವ ಮುನ್ನ ಈ ನೋಟ್‌ಬುಕ್ ತೆರೆದು, ‘ನಮ್ಮಲ್ಲಿಲ್ಲದ್ದರಿಂದ ನೋಡಿಲ್ಲ’ ಎಂದು ಬರೆದ ಸಾಲುಗಳನ್ನು ಒಂದೊಂದಾಗಿ ಎಣಿಸಿ. ಹೆಚ್ಚು ಬಾರಿ ಬಂದ ಸಂಪುಟದ ಹೆಸರನ್ನು ಪಟ್ಟಿಯ ಮೊದಲ ಸಾಲಿಗೆ ಹಾಕಿ. ಅಚ್ಚು ಮುಗಿದಿದ್ದರೆ ಬೇರೆ ಗ್ರಂಥಾಲಯದಿಂದ ಸ್ಕ್ಯಾನ್ ಪ್ರತಿ ಕೋರುವ ಪತ್ರವನ್ನು ಅದರೊಂದಿಗೇ ಸಿದ್ಧಮಾಡಿ.